ದೂರವೆಂಬ ನೆಪ

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್ ಮತ್ತು ನ್ಯೂಜಿಲೆಂಡಿನ ರಾಜಧಾನಿ ವೆಲಿಂಗ್ಟನ್ ಭೂಗೋಳದ ಮೇಲೆ ಹೆಚ್ಚುಕಡಿಮೆ ಎದುರುಬದುರಾಗಿ ನಿಂತ ನಗರಗಳು. ಒಂದರಲ್ಲಿ ಬೇಸಿಗೆಯಾದರೆ ಇನ್ನೊಂದರಲ್ಲಿ ಚಳಿಗಾಲ. ಅವುಗಳ ನಡುವಣ ಆಕಾಶಮಾರ್ಗದ ದೂರ ಸುಮಾರು ೧೯,೮೦೦ ಕಿಲೋಮೀಟರು. ಭೂಮಿಯ ಸುತ್ತಳತೆಯೇ ಸುಮಾರು ೪೦,೦೦೦ ಕಿಲೋಮೀಟರಾದ್ದರಿಂದ, ಮನುಷ್ಯನು ಮನುಷ್ಯನಿಂದ ಇದಕ್ಕಿಂತ ಬಹಳ ದೂರ ಹೋಗಲಾರ. ಆ ಎಲ್ಲೆಯನ್ನು ಮೀರಿದರೆ ಮರಳಿ ಹತ್ತಿರವೇ ಬರಬೇಕು.

ಗಂಟೆಗೆ ೯೦೦ ಕಿಲೋಮೀಟರು ವೇಗದ ವಿಮಾನಕ್ಕೆ ಇದು ೨೨ ಗಂಟೆಗಳ ದಾರಿ. ಎಲ್ಲಿಯೂ ಇಳಿಯದೆ ಅಷ್ಟು ದೂರ ಒಯ್ಯುವ ಸೇವೆ ಇಲ್ಲವಾದ್ದರಿಂದ, ನಡುವೆ ಇಳಿದು, ಕಾದು, ವಿಮಾನ ಬದಲಿಸಿ ತಲಪುವಾಗ ಒಂದು ದಿನ ಮೀರಿರುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಿಂದ ನ್ಯೂಜಿಲೆಂಡಿಗೆ ಹಾಯಿಹಡಗು ಸೇರಲು ಮೂರು ನಾಲ್ಕು ತಿಂಗಳು ಹಿಡಿಯುತ್ತಿತ್ತು. ತಾಯಿಯ ಕಾಯಿಲೆಯ ಪತ್ರ ಮಗನ ಕೈಸೇರುವ ಹೊತ್ತಿಗೆ ತಾಯಿಯೇ ಇಲ್ಲವಾಗಿರಬಹುದಿತ್ತು. ಅಂದು ಬಾರದ ಮಗನನ್ನು ಯಾರೂ ದೂರುವಂತಿರಲಿಲ್ಲ.

ಹಾಗಾದರೆ ದೂರ ಕುಗ್ಗಿದಷ್ಟೂ ಕರ್ತವ್ಯ ಹಿಗ್ಗುತ್ತದೆಯೇ?

ಹಿಗ್ಗುತ್ತದೆ ಎಂದು ಥಟ್ಟನೆ ಹೇಳುವುದು ಸುಲಭ; ನ್ಯಾಯವಲ್ಲ. ವಿಮಾನವಿದ್ದ ಮಾತ್ರಕ್ಕೆ ಎಲ್ಲರಿಗೂ ದಾರಿಯಿಲ್ಲ. ಟಿಕೆಟಿನ ಹಣ, ರಜೆ, ವೀಸಾ, ಇವುಗಳಲ್ಲಿ ಒಂದು ತಪ್ಪಿದರೂ ೨೨ ಗಂಟೆಗಳ ದಾರಿ ವರ್ಷಗಳದಾಗುತ್ತದೆ. ಗಡಿನಾಡಿನ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕಾಸರಗೋಡಿನಿಂದ ಮಂಗಳೂರಿಗೆ ಇರುವುದು ಸುಮಾರು ೫೦ ಕಿಲೋಮೀಟರು. ೨೦೨೦ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ, ಆಸ್ಪತ್ರೆಗೆ ಹೊರಟ ರೋಗಿಗಳಿಗೆ ಆ ೫೦ ಕಿಲೋಮೀಟರು ವೆಲಿಂಗ್ಟನ್ನಿಗಿಂತಲೂ ದೂರವಾಯಿತು. ನೆಲ ಎಂದಿನಷ್ಟೇ ಇತ್ತು. ಬದಲಾದದ್ದು ಮನುಷ್ಯರ ತೀರ್ಮಾನ.

ಆದ್ದರಿಂದ ವಿಮಾನವು ನಮ್ಮ ಮೇಲೆ ಹೊರಿಸಿದ್ದು ಹೊಸ ಕರ್ತವ್ಯವನ್ನಲ್ಲ, ಹೊಸ ಪ್ರಾಮಾಣಿಕತೆಯನ್ನು ಎಂದು ನನಗೆ ತೋರುತ್ತದೆ. ಹಡಗಿನ ಕಾಲದಲ್ಲಿ ‘ಬರಲಾರೆ’ ಮತ್ತು ‘ಬರಲೊಲ್ಲೆ’ ಎಂಬೆರಡೂ ದೂರವೆಂಬ ಒಂದೇ ಸೂರಿನಡಿ ಬಾಳಿದವು. ಇಂದು ಅವು ಬೇರೆ ಮನೆ ಹೂಡಿವೆ. ಬರಲಾರದವನು ಕ್ಷಮೆಗೆ ಪಾತ್ರ. ಅಷ್ಟೇ ಅಲ್ಲ, ನಮ್ಮ ನೆರವಿಗೂ ಪಾತ್ರ. ಬರಲೊಲ್ಲದವನು ಕಿಲೋಮೀಟರುಗಳ ಹಿಂದೆ ಅಡಗಬಾರದು.

ಈ ಮಾತು ಪರದೇಶದಲ್ಲಿರುವ ಮಕ್ಕಳಿಗೆ ಮಾತ್ರ ಸಲ್ಲುವುದೆಂದು ಹಿರಿಯರು ನೆಮ್ಮದಿಪಡಬೇಕಾಗಿಲ್ಲ. ‘ಯಾವಾಗ ಬೇಕಾದರೂ ಹೋಗಬಹುದು’ ಎಂಬ ಸೌಲಭ್ಯವೇ ಎಂದೂ ಹೋಗದಿರುವುದಕ್ಕೆ ಕಾರಣವಾಗುವುದುಂಟು. ಪಕ್ಕದ ಬೀದಿಯಲ್ಲಿ ಹಾಸಿಗೆ ಹಿಡಿದ ಗೆಳೆಯನನ್ನು ಕಂಡು ಎಷ್ಟು ತಿಂಗಳಾಯಿತೆಂದು ಈ ಸಾಲುಗಳನ್ನು ಬರೆಯುತ್ತಾ ಲೆಕ್ಕ ಹಾಕಿದೆ. ಹಾಯಿಹಡಗು ಇಷ್ಟು ಹೊತ್ತಿಗೆ ನ್ಯೂಜಿಲೆಂಡನ್ನು ಮುಟ್ಟಿರುತ್ತಿತ್ತು.