ಮೂಲ ಕೇಳಬಾರದೆ?

ನದಿಮೂಲ, ಋಷಿಮೂಲ ಕೇಳಬಾರದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೇಳಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ. ಭೈರಪ್ಪನವರ ‘ವಂಶವೃಕ್ಷ’ ಓದಿದವರಿಗೆ ನೆನಪಿರಬಹುದು, ತಮ್ಮ ಹುಟ್ಟಿನ ಗುಟ್ಟು ತಿಳಿದಾಗ ಶ್ರೀನಿವಾಸ ಶ್ರೋತ್ರಿಯವರ ಬದುಕಿನ ಬುಡವೇ ಅಲುಗಾಡಿಬಿಡುತ್ತದೆ. ಅದು ಕಾದಂಬರಿಯ ಮಾತಾಯಿತು. ಸ್ಕಾಟ್ಲೆಂಡಿನಲ್ಲಿ ಈಗ ಎಷ್ಟೋ ಜನ ತಾವಾಗಿಯೇ ಹೋಗಿ ಇಂಥ ಗುಟ್ಟನ್ನು ಕೆದಕುತ್ತಾರೆ, ಅದೂ ನ್ಯಾಯಾಲಯದ ಹಳೆಯ ಕಡತಗಳಲ್ಲಿ. ಸಿಕ್ಕಿದರೆ ಹಬ್ಬ ಮಾಡುತ್ತಾರೆ.

ನನ್ನ ಅಕ್ಕನ ಮಗಳು ಎಡಿನ್‌ಬರೋದಲ್ಲಿದ್ದಾಳೆ. ಅವಳ ಪಕ್ಕದ ಮನೆಯ ವೃದ್ಧೆಗೆ ತನ್ನ ಅಜ್ಜಿಯ ತಂದೆ ಯಾರೆಂದು ತಿಳಿಯುವ ಹಂಬಲ. ಅಜ್ಜಿಯ ಜನನದ ದಾಖಲೆಯಲ್ಲಿ ತಂದೆಯ ಕಾಲಮ್ಮು ಖಾಲಿ. ಕೊನೆಗೆ ಹೆಸರು ಸಿಕ್ಕಿತಂತೆ, ಶೆರಿಫ್ ಕೋರ್ಟಿನ ಒಂದು ದಾವೆಯಲ್ಲಿ. ಅಲ್ಲಿ ಶೆರಿಫ್ ಎಂದರೆ ಜಿಲ್ಲೆಯ ನ್ಯಾಯಾಧೀಶ, ಸಿನಿಮಾದಲ್ಲಿ ಕುದುರೆಯೇರಿ ಬರುವವನಲ್ಲ. ಇದನ್ನು ಅವಳು ಫೋನಿನಲ್ಲಿ ಹೇಳಿದ ಮೇಲೆ ನಾನೂ ಒಂದಿಷ್ಟು ಓದಿ ತಿಳಿದುಕೊಂಡೆ.

ಸ್ಕಾಟ್ಲೆಂಡಿನಲ್ಲಿ ಜನನ ಮರಣಗಳನ್ನು ಸರ್ಕಾರವೇ ಕಡ್ಡಾಯವಾಗಿ ಬರೆಸತೊಡಗಿದ್ದು 1855ರ ಜನವರಿ 1ರಿಂದ. ಮದುವೆಯಾಗದ ಹೆಣ್ಣು ಹೆತ್ತರೆ, ತಂದೆಯಾದವನು ತಾನೇ ಅವಳ ಜೊತೆ ಬಂದು ಸಹಿ ಹಾಕಿದರಷ್ಟೇ ಅವನ ಹೆಸರು. ಇಲ್ಲವಾದರೆ ಆ ಜಾಗ ಖಾಲಿ, ಮಗುವಿನ ಹೆಸರಿನ ಕೆಳಗೆ ‘ಅಕ್ರಮ ಸಂತಾನ’ ಎಂಬ ಅರ್ಥದ ಒಂದು ಪದ. ಆ ಪದವನ್ನು ಬರೆಯುವುದು ನಿಂತದ್ದು 1919ರ ಸುಮಾರಿಗೆ. ತಾಯಿ ಕೋರ್ಟಿಗೆ ಹೋಗಿ, ಇವನೇ ತಂದೆ ಎಂದು ಸಾಧಿಸಿ, ಮಗುವಿನ ಅನ್ನಕ್ಕೆ ಇಷ್ಟು ಕೊಡಬೇಕು ಎಂಬ ತೀರ್ಪು ಪಡೆದರೆ, ಅದು ತಿದ್ದುಪಡಿಗಳ ಬೇರೊಂದು ಪುಸ್ತಕಕ್ಕೆ ಸೇರುತ್ತಿತ್ತು. ಮೂಲ ದಾಖಲೆಯ ಅಂಚಿನಲ್ಲಿ ಒಂದು ಸಣ್ಣ ಗುರುತು. ನೂರು ವರ್ಷ ಕಳೆದ ಮೇಲೆ ಮರಿಮಕ್ಕಳು ಆ ಗುರುತನ್ನು ಹಿಡಿದು ಎಡಿನ್‌ಬರೋದ ರಾಷ್ಟ್ರೀಯ ದಾಖಲೆಗಳ ಭಂಡಾರಕ್ಕೆ ಹೋಗುತ್ತಾರೆ.

ದಾವೆ ಹೂಡಿದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಹೊಲಮನೆಗಳ ಕೂಲಿಯವರು, ಹಾಲು ಕರೆಯುವವರು, ಮನೆಗೆಲಸದವರು. ಈಶಾನ್ಯದ ಬ್ಯಾನ್ಫ್ ಸೀಮೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಹೆರಿಗೆಗಳು ಎಷ್ಟಿದ್ದವೆಂದರೆ, ಅಂಕಿಅಂಶ ಹೊರಬಂದಾಗ ಧರ್ಮಭೀರು ದೇಶವೇ ತಲೆತಗ್ಗಿಸಿತು. ಆದರೆ ಅಲ್ಲಿನ ಬದುಕನ್ನು ನೋಡಿ. ಆರಾರು ತಿಂಗಳ ಕರಾರಿನ ಮೇಲೆ ಜಾತ್ರೆಯಲ್ಲಿ ಕೂಲಿಗೆ ನಿಲ್ಲಬೇಕು. ಅವಧಿ ಮುಗಿದರೆ ಬೇರೆ ಹೊಲ, ಬೇರೆ ಧಣಿ. ಉಳುವ ಹುಡುಗರಿಗೆ ಒಂದು ಕೊಟ್ಟಿಗೆಯಂಥ ಕೋಣೆ, ಸಂಸಾರ ಹೂಡುವವರಿಗೆ ಮನೆಯೇ ಇಲ್ಲ. ಮದುವೆಯಾಗುತ್ತೇನೆ ಎಂದವನು ಮುಂದಿನ ಕರಾರಿಗೆ ಮೂವತ್ತು ಮೈಲಿ ಆಚೆ ಹೋಗಿಬಿಟ್ಟಿರುತ್ತಿದ್ದ. ಹೆಣ್ಣಿನ ನಡತೆ ಕೆಟ್ಟಿತು ಎಂದು ಪಾದ್ರಿಗಳು ಬೋಧಿಸಿದರು. ನನಗೇನೋ ಕೆಟ್ಟದ್ದು ಮನೆಗಳ ಲೆಕ್ಕ ಎನಿಸುತ್ತದೆ.

ಕೋರ್ಟಿನಲ್ಲಿ ಅವಳ ಮಾತೊಂದೇ ಸಾಲದು. ಸಾಕ್ಷಿ ಬೇಕು. ಯಾವ ರಾತ್ರಿ, ಯಾವ ಹುಲ್ಲಿನ ಮನೆಯಲ್ಲಿ, ಬಾಗಿಲು ತೆರೆದವರು ಯಾರು, ಜೊತೆಯ ಕೆಲಸದವಳು ಏನು ಕಂಡಳು, ಎಲ್ಲವನ್ನೂ ತುಂಬಿದ ಸಭೆಯಲ್ಲಿ ಹೇಳಬೇಕು. ಅವನ ಕಡೆಯ ವಕೀಲ ‘ಬೇರೆ ಯಾರ ಜೊತೆ ತಿರುಗುತ್ತಿದ್ದೆ?’ ಎಂದು ಕೇಳದೆ ಬಿಡುತ್ತಾನೆಯೆ? ಈ ಅವಮಾನವನ್ನೆಲ್ಲ ನುಂಗಿದರೆ ಹೆರಿಗೆಯ ಖರ್ಚು, ವರ್ಷಕ್ಕೆ ಕೆಲವೇ ಪೌಂಡು. ಅದಕ್ಕೂ ಹಿಂದಿನ ಕಾಲದಲ್ಲಿ ವಿಚಾರಣೆ ಚರ್ಚಿನ ಹಿರಿಯರದು. ಕವಿ ರಾಬರ್ಟ್ ಬರ್ನ್ಸ್‌ನೇ 1786ರಲ್ಲಿ ಮಾಕ್ಲಿನ್ ಎಂಬ ಊರಿನ ಚರ್ಚಿನಲ್ಲಿ ಸಭೆಯ ಎದುರು ನಿಂತು ಛೀಮಾರಿ ಹಾಕಿಸಿಕೊಂಡ. ಗಂಡಸಿಗೂ ಶಿಕ್ಷೆ ಇತ್ತು, ಅದನ್ನು ಒಪ್ಪುತ್ತೇನೆ. ಆದರೆ ಹೊಟ್ಟೆ ಕಾಣುವುದು ಹೆಂಗಸಿಗೆ ಮಾತ್ರ ತಾನೆ?

ಈಗ ನನ್ನ ಪ್ರಶ್ನೆ. ಹೊಟ್ಟೆಯ ಪಾಡಿಗಾಗಿ, ಬೇರೆ ದಾರಿ ಇಲ್ಲದೆ ಆಡಿದ ಆ ಮಾತುಗಳನ್ನು ಮರಿಮಗಳು ಕನ್ನಡಕ ಹಾಕಿಕೊಂಡು ಓದುವುದು ಸರಿಯೆ? ಸತ್ತವಳಿಗೆ ಮಾನ ಇಲ್ಲವೆ? ಇರುವವರಿಗೆ ಮಾತ್ರ ಮಾನ ಎಂದಾದರೆ ನಾವು ಅಜ್ಜಿಯ ಫೋಟೋಕ್ಕೆ ಹೂ ಏಕೆ ಮುಡಿಸುತ್ತೇವೆ?

ದಾಖಲೆ ಕತ್ತಿಯೂ ಆಗಬಲ್ಲದು. 1924ರಲ್ಲಿ ಬ್ರಿಟನ್ನಿನ ಮೊದಲ ಲೇಬರ್ ಪ್ರಧಾನಿಯಾದ ರಾಮ್ಸೆ ಮ್ಯಾಕ್‌ಡೊನಾಲ್ಡ್ ಹುಟ್ಟಿದ್ದು 1866ರಲ್ಲಿ, ಲಾಸಿಮೌತ್ ಎಂಬ ಸ್ಕಾಟ್ಲೆಂಡಿನ ಕಡಲೂರಿನಲ್ಲಿ. ತಾಯಿ ಹೊಲಮನೆಯ ಕೆಲಸದವಳು, ತಂದೆ ಅಲ್ಲಿಯೇ ಉಳುತ್ತಿದ್ದವನು, ಮದುವೆ ಆಗಲಿಲ್ಲ. ಸಾಕಿದವರು ತಾಯಿ ಮತ್ತು ಅಜ್ಜಿ. ಮೊದಲ ಮಹಾಯುದ್ಧವನ್ನು ಅವರು ವಿರೋಧಿಸಿದಾಗ, 1915ರಲ್ಲಿ ‘ಜಾನ್ ಬುಲ್’ ಎಂಬ ಪತ್ರಿಕೆ ಅವರ ಜನನ ದಾಖಲೆಯ ಪಡಿಯಚ್ಚನ್ನು ಮುದ್ರಿಸಿಬಿಟ್ಟಿತು. ವಾದದಲ್ಲಿ ಗೆಲ್ಲಲಾಗದವರು ತಾಯಿಯ ಸೆರಗಿಗೆ ಕೈಹಾಕಿದರು. ಆ ಪತ್ರಿಕೆಯವರು ನೋಡಿದ್ದೂ, ಈ ವೃದ್ಧೆ ನೋಡಿದ್ದೂ ಒಂದೇ ಬಗೆಯ ಕಾಗದ. ಅವರು ಓದಿದ್ದು ಬೇರೊಬ್ಬನನ್ನು ಕುಗ್ಗಿಸಲು. ಇವಳು ಹುಡುಕಿದ್ದು ತನ್ನವರನ್ನು. ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಾಣುತ್ತದೆ. ಅಲ್ಲದೆ, ಅಕ್ಷರ ಬಾರದೆ ಅಡ್ಡಗೀಟು ಹಾಕುತ್ತಿದ್ದ ಎಷ್ಟೋ ಹೆಂಗಸರ ಸ್ವಂತ ಮಾತು ಜಗತ್ತಿನಲ್ಲಿ ಉಳಿದಿರುವುದು ಆ ಸಾಕ್ಷಿಯ ಹಾಳೆಗಳಲ್ಲಿ ಮಾತ್ರ. ಅದನ್ನೂ ಮುಚ್ಚಿಟ್ಟರೆ ಅವಳು ಇದ್ದಳೆಂಬುದಕ್ಕೆ ಅವಮಾನದ ಆ ಒಂದು ಪದವಷ್ಟೇ ಗುರುತು.

ಆದರೆ ನನಗೆ ಇರಿಸುಮುರಿಸಾಗುವುದು ಬೇರೆಯದಕ್ಕೆ. ಕೋರ್ಟಿನ ಕಡತದಲ್ಲಿ ಸಿಗುವುದು ಬಹಳ ಮಟ್ಟಿಗೆ ಒಲ್ಲೆನೆಂದವನ ಹೆಸರು. ತಾನಾಗಿ ಒಪ್ಪಿ, ತಿಂಗಳು ತಿಂಗಳು ದುಡ್ಡು ಕಳಿಸಿದವನ ಮೇಲೆ ಯಾರು ದಾವೆ ಹೂಡುತ್ತಾರೆ? ಸ್ಕಾಟ್ಲೆಂಡಿನ ಕಾನೂನಿನಲ್ಲಿ ಅಪ್ಪ ಅಮ್ಮ ಆಮೇಲೆ ಮದುವೆಯಾದರೂ ಮಗು ಸಕ್ರಮವಾಗುತ್ತಿತ್ತು. ಇಂಗ್ಲೆಂಡಿನಲ್ಲಿ ಅದಕ್ಕೆ 1926ರವರೆಗೆ ಕಾಯಬೇಕಾಯಿತು. ಹಾಗೆ ಮದುವೆಯಾದವರ ಕಥೆಯೂ ಕೋರ್ಟಿನ ಪುಸ್ತಕಕ್ಕೆ ಬರುವುದಿಲ್ಲ. ಇನ್ನು ತೀರ್ಪೆಂದರೆ ಸತ್ಯವೆಂದೇ ಅಲ್ಲ. ಹಾಜರಾಗದೆ ಉಳಿದವನ ಮೇಲೂ ತೀರ್ಪಾಗುತ್ತಿತ್ತು. ಈಗ ಡಿಎನ್ಎ ಪರೀಕ್ಷೆ ಬಂದು ಆ ಕಾಲದ ಶೆರಿಫರ ತೀರ್ಪನ್ನೂ ತಿರುವಿಹಾಕಬಲ್ಲದು.

ಇನ್ನೂ ಒಂದು ಮಾತು. ದಾಖಲೆಯಲ್ಲಿ ತಾಯಿಯ ಹೆಸರು, ಅವಳ ಕಸುಬು ಮೊದಲಿನಿಂದಲೂ ಇದ್ದವು. ಎಷ್ಟೋ ಮಕ್ಕಳನ್ನು ಬೆಳೆಸಿದ ಅಜ್ಜಿಯರ ಹೆಸರು ಜನಗಣತಿಯ ಪುಸ್ತಕದಲ್ಲಿ ಇರುತ್ತಿತ್ತು. ಅವರನ್ನು ಹುಡುಕಬೇಕಾಗಿರಲಿಲ್ಲ, ಹಾಗಾಗಿ ಅವರು ‘ಬೇರು’ ಎನಿಸಿಕೊಳ್ಳಲಿಲ್ಲ! ಎಂದೂ ತೊಟ್ಟಿಲು ತೂಗದ ಒಬ್ಬನ ಹೆಸರು ಸಿಕ್ಕಿದಾಗ ವಂಶವೃಕ್ಷ ಪೂರ್ತಿಯಾಯಿತು ಎಂದು ಸಂಭ್ರಮ. ನಾವೇನೂ ಕಡಿಮೆಯಲ್ಲ. ಶಾಲೆಯ ದಾಖಲಾತಿಯ ಹೊತ್ತಿನಲ್ಲಿ ತಂದೆಯ ಹೆಸರು ಕೇಳಿದಾಗ ತಡವರಿಸುವ ತಾಯಂದಿರನ್ನು ನಾನು ಕಂಡಿದ್ದೇನೆ. ಮದುವೆಯಾಗದ ತಾಯಿ ಮಗುವಿನ ಪೋಷಕತ್ವ ಪಡೆಯಲು ತಂದೆಯ ಹೆಸರು ಹೇಳಲೇಬೇಕಿಲ್ಲ ಎಂದು ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು 2015ರಲ್ಲಿ. ಅಲ್ಲಿ ಹೆಸರು ಹೇಳಲು ಹೆಣ್ಣು ಕೋರ್ಟಿಗೆ ಹೋದಳು, ಇಲ್ಲಿ ಹೇಳದಿರಲು ಹೋಗಬೇಕಾಯಿತು.

ಅಕ್ಕನ ಮಗಳ ಪಕ್ಕದ ಮನೆಯಾಕೆಗೆ ಈಗ ಇನ್ನೊಂದು ಯೋಚನೆಯಂತೆ. ಆ ಮನುಷ್ಯನಿಗೆ ಆಮೇಲೆ ಮದುವೆಯಾಗಿ ಮಕ್ಕಳಾಗಿ, ಅವನ ವಂಶದವರು ಇಂದಿಗೂ ಅದೇ ಸೀಮೆಯಲ್ಲಿದ್ದಾರೆ. ಅವರಿಗೆ ಕಾಗದ ಬರೆಯಬಹುದೆ? ನನ್ನ ಅಭಿಪ್ರಾಯ ಕೇಳಿದಳು. ಬರೆಯಲಿ ಎಂದೆ. ಒಂದೇ ಒಂದು ಸಲ, ಮುಚ್ಚಿದ ಲಕೋಟೆಯಲ್ಲಿ, ಉತ್ತರ ಬರದಿದ್ದರೆ ಮತ್ತೆ ಬರೆಯಬಾರದು. ಕಾಗದದಲ್ಲಿ ಅವನ ಹೆಸರಿಗಿಂತ ಮೊದಲು ಆ ಹಾಲು ಕರೆಯುವವಳ ಹೆಸರು ಬರಬೇಕು, ಆ ವರ್ಷ ಅವಳಿಗೆ ಎಷ್ಟು ವಯಸ್ಸಾಗಿತ್ತು ಎಂಬುದೂ ಇರಬೇಕು. ಹತ್ತೊಂಬತ್ತಂತೆ.