ಮಂಜು ಯಾರದ್ದು?

ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿ ದಾಟಿದವರಿಗೆ ಟೂಲಿ ಮಂಜು ಗೊತ್ತಿರುತ್ತೆ. ಮಳೆ ನಿಂತ ಮೇಲೆ, ಗಾಳಿಯಿಲ್ಲದ ರಾತ್ರಿ ನೆಲ ತಣ್ಣಗಾಗಿ ಕಟ್ಟುವ ಮಂಜು ಅದು. ಮುಂದಿನ ಕಾರಿನ ಕೆಂಪು ಲೈಟೂ ಕಾಣಲ್ಲ. 2007ರ ನವೆಂಬರ್‌ನಲ್ಲಿ ಫ್ರೆಸ್ನೊ ಹತ್ತಿರ ನೂರಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿ ಇಬ್ಬರು ತೀರಿಕೊಂಡರು. ನಾವು ಅದನ್ನು 'ವೆದರ್' ಅಂತೀವಿ. ವೆದರ್ ಅಂದರೆ ಯಾರ ತಪ್ಪೂ ಅಲ್ಲ.

ಹಾಗೆ ಹೇಳಿ ಕೈ ತೊಳೆದುಕೊಳ್ಳಬಹುದೇ? ನೀರಾವಿ ಹನಿಯಾಗಲು ಕೂರುವುದಕ್ಕೊಂದು ಕಣ ಬೇಕು. ಸ್ಕಾಟ್ಲೆಂಡಿನ ಜಾನ್ ಐಟ್ಕೆನ್ 1880ರ ಹೊತ್ತಿಗೇ ಇದನ್ನು ಪ್ರಯೋಗದಲ್ಲಿ ತೋರಿಸಿದ್ದರು: ಧೂಳು ಸೋಸಿದ ಗಾಳಿಯೊಳಗೆ ಹಬೆ ಬಿಟ್ಟರೆ ಮಂಜು ಕಟ್ಟಲಿಲ್ಲ. ಕಣ ಹೆಚ್ಚಾದರೆ ಇರುವ ನೀರೇ ಹೆಚ್ಚು ಹನಿಗಳಿಗೆ ಹಂಚಿಹೋಗುತ್ತೆ. ಪುಟ್ಟ ಹನಿ ಬೇಗ ಕೆಳಗಿಳಿಯಲ್ಲ, ಬೆಳಕನ್ನೂ ಜಾಸ್ತಿ ಚದುರಿಸುತ್ತೆ. ಈ ಕಣಿವೆಯಲ್ಲಿ ಚಳಿಗಾಲದ ಕಣಗಳ ದೊಡ್ಡ ಪಾಲು ಅಮೋನಿಯಂ ನೈಟ್ರೇಟ್. ಅಂದರೆ ಲಾರಿ-ಕಾರುಗಳ ಹೊಗೆ, ಜೊತೆಗೆ ಡೈರಿ ಹಸುಗಳ ಸಗಣಿ-ಗಂಜಲದ ಅಮೋನಿಯಾ.

2019ರಲ್ಲಿ ಪ್ರಕಟವಾದ ಬರ್ಕ್ಲಿಯ ಅಧ್ಯಯನದ ಪ್ರಕಾರ, ವರ್ಷದಿಂದ ವರ್ಷಕ್ಕೆ ಮಂಜು ಏರುಪೇರಾಗುವುದು ಹವೆಯಿಂದ. ದಶಕಗಳ ಏರಿಳಿತ ಮಾತ್ರ ವಾಹನಗಳ ನೈಟ್ರೋಜನ್ ಆಕ್ಸೈಡ್ ಜೊತೆ ಹೆಜ್ಜೆ ಹಾಕುತ್ತೆ. ದಿನಾ ಡೇಟಾ ನೋಡುವ ನನಗೆ ಈ ವ್ಯತ್ಯಾಸ ಮುಖ್ಯ. ಆ ಒಂದು ಬೆಳಗಿನ ಅಪಘಾತಕ್ಕೆ ಯಾರ ಹೊಗೆ ಕಾರಣ ಅಂತ ಯಾವ ಮಾಡೆಲ್ಲೂ ಹೇಳಲ್ಲ. ಇಡೀ ದಶಕದ ಮಂಜಿನಲ್ಲಿ ನಮ್ಮೆಲ್ಲರ ಪಾಲಿದೆ ಅಂತ ಮಾತ್ರ ಹೇಳಬಹುದು. ಒಬ್ಬೊಬ್ಬರ ಮೇಲೆ ಬೆರಳು ತೋರಿಸೋಕಾಗಲ್ಲ ಅಂದ ಮಾತ್ರಕ್ಕೆ ಆ ಪಾಲು ಸೊನ್ನೆಯಾಗಲ್ಲ. ಅದಕ್ಕೇ ಹೊಗೆಯ ಕಾನೂನು ಎಲ್ಲರ ಮೇಲೂ ಇರುವುದು.

ನನ್ನನ್ನು ನಿಜವಾಗಿ ಕಾಡಿದ್ದು ಇನ್ನೊಂದು ತುದಿ. ಗಾಳಿ ಶುದ್ಧವಾಯ್ತು, ಮಂಜು ಕಡಿಮೆಯಾಯ್ತು. ಆದರೆ ಬಾದಾಮಿ, ಪಿಸ್ತಾ, ಚೆರ್ರಿ ಮರಗಳಿಗೆ ಚಳಿಗಾಲದ ತಂಪು ಬೇಕು. ಮೊಗ್ಗಿಗೆ ಬಿಸಿಲು ತಾಗದಂತೆ ಕಾಯುತ್ತಿದ್ದದ್ದು ಇದೇ ಮಂಜು. ಪಕ್ಕದ ಮನೆ ಟ್ಯಾಂಕ್ ತುಂಬಿ ಹರಿದ ನೀರಿಗೇ ನಮ್ಮ ತೆಂಗಿನ ಮರ ಬೆಳೆದಿತ್ತು ಅಂದುಕೊಳ್ಳಿ. ಅವರು ಸೋರಿಕೆ ನಿಲ್ಲಿಸಿದರೆ ನಾವು ಪರಿಹಾರ ಕೇಳಬಹುದೇ? ಇಲ್ಲ ಅಂತಲೇ ನನ್ನ ಅಭಿಪ್ರಾಯ. ಇಲ್ಲಿ ಸೋರುತ್ತಿದ್ದದ್ದು ಬರೀ ನೀರೂ ಅಲ್ಲ, ಅದೇ ಕಣ ತೋಟದ ಕೂಲಿಯವರ, ಅವರ ಮಕ್ಕಳ ಶ್ವಾಸಕೋಶಕ್ಕೂ ಇಳಿಯುತ್ತಿತ್ತು.

ಹಕ್ಕಿಲ್ಲ ಅಂದರೆ ನಷ್ಟವೂ ಇಲ್ಲ ಅಂತಲ್ಲ. ಮೂವತ್ತು ವರ್ಷದ ಹಿಂದೆ ಗಿಡ ನೆಟ್ಟ ರೈತ ಯಾರಿಗೂ ಮೋಸ ಮಾಡಿಲ್ಲ. ಕಡಿಮೆ ಚಳಿ ಸಾಕಾಗುವ ತಳಿ ಹುಡುಕೋ ಖರ್ಚಿಗೆ ನನ್ನ ಟ್ಯಾಕ್ಸ್ ಒಂದಿಷ್ಟು ಹೋದರೆ ತಕರಾರಿಲ್ಲ. ಆ ಬಾದಾಮಿ ನಾನೂ ತಿಂದಿದ್ದೀನಿ.