ನಿಗ್ರಹವೂ ಹೊಂದಿಕೆಯೂ

ಇಂದ್ರಿಯನಿಗ್ರಹವನ್ನು ಕುರಿತು ನಮ್ಮ ನಾಡಿನಲ್ಲಿ ಹೇಳದ ಗುರುವಿಲ್ಲ, ಕೇಳದ ಶಿಷ್ಯನಿಲ್ಲ. ಆದರೆ ನಿಗ್ರಹವೆಂಬುದು ಬಲಾತ್ಕಾರವೋ ಹೊಂದಿಕೆಯೋ ಎಂದು ಯಾರಾದರೂ ಕೇಳಿದರೆ ನಾವು ತಡವರಿಸುತ್ತೇವೆ. ಸಂಯಮವನ್ನು ಅಷ್ಟು ಮುಕ್ತಕಂಠದಿಂದ ಬೋಧಿಸುವ ಭಗವದ್ಗೀತೆಯೇ ತನ್ನ ಮೂರನೆಯ ಅಧ್ಯಾಯದಲ್ಲಿ, ಪ್ರಾಣಿಗಳೆಲ್ಲ ತಂತಮ್ಮ ಪ್ರಕೃತಿಯನ್ನು ಅನುಸರಿಸುತ್ತಿರಲು ನಿಗ್ರಹವು ತಾನೆ ಏನನ್ನು ಮಾಡೀತು ಎಂಬ ಅರ್ಥದ ಮಾತನ್ನು ನಮ್ಮ ಮುಂದಿಡುತ್ತದೆ. ಬಹುಕಾಲ ನನ್ನನ್ನು ಕಾಡಿದ ಈ ಶಂಕೆಗೆ ಒಂದು ಸಮಾಧಾನ ದೊರೆತದ್ದು ಹುನಗುಂದದ ಹೆದ್ದಾರಿಯ ಬದಿಯ ಗ್ಯಾರೇಜಿನಲ್ಲಿ, ನನ್ನ ಕಾರಿನ ಹಿಂದಿನ ಗಾಲಿಯ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತಿದ್ದ ಒಂದು ಮುಂಜಾನೆ.

ಬಾಗಲಕೋಟೆಯಿಂದ ಹೊರಟು, ಬಾದಾಮಿ ಐಹೊಳೆಗಳನ್ನು ಕಂಡು, ಇಳಕಲ್ಲಿನಲ್ಲಿ ರಾತ್ರಿ ತಂಗಿ, ಕೂಡಲಸಂಗಮಕ್ಕೆ ಸಾಗಿದ್ದೆನು. ದಾರಿಯಲ್ಲಿ ಹಿಂದಿನ ಗಾಲಿ ಕರಕರನೆ ಸದ್ದುಮಾಡತೊಡಗಿತು. ಮಿಸ್ತ್ರಿ ಡ್ರಮ್ಮನ್ನು ಕಳಚಿ ನೋಡಿದರೆ, ಒಳಗಣ ಎರಡು ಅರ್ಧಚಂದ್ರಾಕೃತಿಯ ಬ್ರೇಕ್ ಶೂಗಳ ಲೈನರ್ ಸವೆದು ಕಾಗದದಂತಾಗಿತ್ತು. ಪೆಡಲನ್ನು ತುಳಿದಾಗ ಈ ಶೂಗಳು ಹೊರಕ್ಕೆ ಸರಿದು ತಿರುಗುವ ಡ್ರಮ್ಮಿನ ಒಳಮೈಯನ್ನು ಒತ್ತುವುದರಿಂದಲೇ ಗಾಲಿ ನಿಲ್ಲುವುದು. ಹೊಸ ಶೂಗಳು ಬಂದವು, ಸ್ಪ್ರಿಂಗುಗಳು ಬಿಗಿದವು. ಡ್ರಮ್ಮು ಮಾತ್ರ ಅವುಗಳ ಮೇಲೆ ಕೂರಲೊಲ್ಲದು. ಅರ್ಧ ಬೆರಳಿನಷ್ಟು ಒಳಸರಿದು ಅಲ್ಲಿಯೇ ನಿಂತುಬಿಟ್ಟಿತು. ಕೈಕೆಳಗಿನ ಹುಡುಗನು ಸುತ್ತಿಗೆಯನ್ನೆತ್ತಿದನು. ಮಿಸ್ತ್ರಿ ಅವನ ಮುಂಗೈ ಹಿಡಿದು, "ಬಡೀಬ್ಯಾಡ. ಯಾಕ ಕುಂದ್ರವಲ್ದು, ಮೊದ್ಲ ಅದನ್ನ ನೋಡು" ಎಂದನು.

ಆಮೇಲೆ ಅವನು ನಡೆಸಿದ ಪರೀಕ್ಷೆಯಲ್ಲಿ ಆತುರವೆಂಬುದಿರಲಿಲ್ಲ. ಮುಂದಿನ ಶೂ ಮುಂದೆಯೂ ಹಿಂದಿನದು ಹಿಂದೆಯೂ ಇವೆಯೆ, ಅಡ್ಜಸ್ಟರಿನ ಹಲ್ಲುಗಾಲಿ ಪೂರ್ತಿ ಹಿಂದಕ್ಕೆ ಸರಿದಿದೆಯೆ, ಶೂಗಳ ತುದಿಗಳು ಸಿಲಿಂಡರಿನ ಕಚ್ಚಿನಲ್ಲಿ ನೆಟ್ಟಗೆ ಕುಳಿತಿವೆಯೆ ಎಂದು ಒಂದೊಂದನ್ನೇ ಮುಟ್ಟಿ ನೋಡಿದನು. ಹಳೆಯ ಡ್ರಮ್ಮಿನ ಬಾಯಂಚಿನಲ್ಲಿ ವರ್ಷಗಟ್ಟಲೆಯ ಸವೆತದಿಂದ ಎದ್ದಿದ್ದ ಏಣನ್ನು ಉಗುರಿನಿಂದ ಗೀರಿ ನೋಡಿ, ಅರದಿಂದ ಸವರಿದನು. ಆದರೂ ಕೂರಲಿಲ್ಲ. ಕಡೆಗೆ ಹಿಂದಿನ ಶೂವಿನ ಬೆನ್ನಿಗಿರುವ ಹ್ಯಾಂಡ್‌ಬ್ರೇಕಿನ ಲಿವರಿನ ಹಿಂದೆ ಬೆರಳಿಟ್ಟನು. ಲಿವರಿನ ತುದಿ ಶೂವಿಗೆ ತಗುಲಿ ವಿಶ್ರಮಿಸಬೇಕಾದಲ್ಲಿ ಒಂದು ಜೋಳದ ಕಾಳಿನಷ್ಟು ತೆರಪಿತ್ತು. "ಹ್ಯಾಂಡ್‌ಬ್ರೇಕ್ ಬಿಗಿ ಮಾಡ್ಸೀರೇನ್ರಿ?" ಎಂದು ನನ್ನನ್ನು ಕೇಳಿದನು. ಹೌದು, ಎರಡು ಸಲ ಮಾಡಿಸಿದ್ದೆನು. ಶೂ ಸವೆದಂತೆಲ್ಲ ಹಿಡಿಕೆ ಮೇಲುಮೇಲಕ್ಕೆ ಬರುತ್ತಿತ್ತು. ಒಳಗಿನ ಸವೆತವನ್ನು ನೋಡುವ ಗೊಡವೆಗೆ ಹೋಗದೆ ಹೊರಗಿನ ಕೇಬಲನ್ನು ಎಳೆಸಿ ಕಟ್ಟಿಸುತ್ತ ಬಂದಿದ್ದೆನು. ಆ ಬಿಗಿತವು ಲಿವರನ್ನು ಜಗ್ಗಿ, ಹೊಸ ಶೂಗಳನ್ನು ಡ್ರಮ್ಮು ಬರುವ ಮೊದಲೇ ಅಗಲಿಸಿ ನಿಲ್ಲಿಸಿತ್ತು.

ನಮ್ಮ ವ್ರತಗಳು ಮುರಿಯುವುದೂ ಹೀಗೆಯೇ ಎಂದು ನನಗೆ ಆ ಕ್ಷಣದಲ್ಲಿ ಹೊಳೆಯಿತು. ಅಂತರಂಗದ ಶ್ರದ್ಧೆ ಸವೆಯುತ್ತ ಬಂದಾಗ ನಾವು ಅದನ್ನು ತುಂಬಿಕೊಳ್ಳುವುದಿಲ್ಲ. ಆಚಾರದ ಹಗ್ಗವನ್ನು ಇನ್ನಷ್ಟು ಬಿಗಿಯುತ್ತೇವೆ, ಮಡಿಯನ್ನು ಹೆಚ್ಚಿಸುತ್ತೇವೆ, ಮಕ್ಕಳನ್ನು ಗದರುತ್ತೇವೆ. ಮುಂದೆ ಎಂದೋ ಪುಣ್ಯವಶಾತ್ ಹೊಸ ಸಂಕಲ್ಪವೊಂದು ಮೂಡಿದರೆ, ಆ ಹಳೆಯ ಬಿಗಿತವೇ ಅದಕ್ಕೆ ಎಡೆಗೊಡುವುದಿಲ್ಲ. ಸಂಸ್ಕಾರವೆಂದು ಶಾಸ್ತ್ರಕಾರರು ಕರೆಯುವುದು ಆ ಡ್ರಮ್ಮಿನ ಏಣಿನಂಥದು: ಯಾರೂ ಬೇಕೆಂದು ಮಾಡಿದ್ದಲ್ಲ, ದಿನದಿನದ ಉಜ್ಜುವಿಕೆಯಿಂದ ಬೆಳೆದದ್ದು. ಸುತ್ತಿಗೆಯ ಪೆಟ್ಟು ಏಣನ್ನೂ ಅರಿಯದು, ಬಿಗಿತವನ್ನೂ ಅರಿಯದು. ಅದು ಒಡೆಯುವುದು ಹೊಸ ಶೂವನ್ನು.

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು ಇದನ್ನು ಬಲ್ಲವರಾಗಿದ್ದರು. 1970ರ ದಶಕದಲ್ಲಿ ಅವರು ಆರಂಭಿಸಿದ ಮಹಾಂತ ಜೋಳಿಗೆ ದವಸವನ್ನಾಗಲಿ ಹಣವನ್ನಾಗಲಿ ಬೇಡಲಿಲ್ಲ; ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. ಕುಡಿಯಬೇಡವೆಂದು ಗದರಿಸಿದರೆ ಹಿಡಿತ ಇನ್ನೂ ಗಟ್ಟಿಯಾಗುವುದು. ನಿನ್ನಲ್ಲಿರುವುದನ್ನು ನನಗೆ ಕೊಡು ಎಂದು ಗುರುವೇ ಕೈಯೊಡ್ಡಿದಾಗ ಬಿಗಿಮುಷ್ಟಿ ತಾನಾಗಿ ಬಿಚ್ಚುವುದು. ಅವರು ಹುಟ್ಟಿದ ಆಗಸ್ಟ್ 1 ಇಂದು ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿರುವುದು ಉಚಿತವಾಗಿದೆ.

ಹೀಗೆ ಬಲವಿಲ್ಲದೆ ಹೊಂದಿಸುವುದು ಈ ಸೀಮೆಯ ಕುಶಲಕರ್ಮಿಗಳ ಕೈಗೆ ಹಳೆಯ ವಿದ್ಯೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಶಿಮೆಯ ಹಾಸು ಬೇರೆ. ಒಂದರ ಕುಣಿಕೆಯೊಳಗೆ ಮತ್ತೊಂದರ ಕುಣಿಕೆಯನ್ನು ತೂರಿಸಿ, ಎಳೆಗೆ ಎಳೆ ಕೂಡಿಸುವ ತೋಪುತೆನೆಯ ಕೆಲಸದಲ್ಲಿ ಜಗ್ಗಿದವನಿಗೆ ದಕ್ಕುವುದು ಹರಿದ ನೂಲಷ್ಟೇ. ಚಾಲುಕ್ಯ ಮಂಗಳೇಶನು ಕೊರೆಯಿಸಿದ, 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿ ಬಂಡೆ ಒಂದೇ ಆದುದರಿಂದ ಹೊಂದಿಕೆಯ ಮಾತೇ ಏಳುವುದಿಲ್ಲ. 634ರಲ್ಲಿ ರವಿಕೀರ್ತಿ ಐಹೊಳೆಯ ಗುಡ್ಡದ ಮೇಲೆ ಕಟ್ಟಿಸಿದ ಮೇಗುತಿ ಬಸದಿಯಾದರೋ ಬಿಡಿಬಿಡಿಯಾದ ಮರಳುಗಲ್ಲುಗಳ ಜೋಡಣೆ; ಗಾರೆಯ ನಂಟಿಲ್ಲದ ಆ ಕಲ್ಲುಗಳು ತಮ್ಮ ಭಾರದಿಂದ, ತಂತಮ್ಮ ನೆಲೆಯಲ್ಲಿ ಕುಳಿತಿವೆ. ಗುಹೆಯಂತೆ ಅಖಂಡರಾಗಿರುವವರು ಸಿದ್ಧಪುರುಷರು; ನಾವೆಲ್ಲ ಮೇಗುತಿಯ ಕಲ್ಲುಗಳು, ಕೂಡಿಸಿದರೆ ಮಾತ್ರ ಕೂಡತಕ್ಕವರು.

ಹಾಗೆಂದು ಸಡಿಲುತನವೇ ಧರ್ಮವೆಂದು ನಾನು ಹೇಳಲಾರೆ. ಮಿಸ್ತ್ರಿ ಕೇಬಲಿನ ನಟ್ಟನ್ನು ಪೂರ್ತಿ ಸಡಿಲಿಸಿದನು. ಡ್ರಮ್ಮು ಅಂಗೈಯ ಒತ್ತಿಗೆ ಮೆಲ್ಲನೆ ಸರಿದು ಕುಳಿತಿತು. ಅಷ್ಟಕ್ಕೆ ಮುಗಿಯಲಿಲ್ಲ. ಅಡ್ಜಸ್ಟರಿನಿಂದ ಶೂಗಳನ್ನು ಡ್ರಮ್ಮಿನ ಸಮೀಪಕ್ಕೆ ತಂದು, ಪೆಡಲನ್ನು ಹಲವು ಬಾರಿ ತುಳಿಸಿ, ಎಲ್ಲಕ್ಕೂ ಕಡೆಗೆ ಕೇಬಲನ್ನು ತಕ್ಕಷ್ಟೇ ಬಿಗಿದನು. ಬಿಗಿಯುವುದು ಬೇಕು, ಅದು ಕಡೆಯ ಕೆಲಸ. ಗೀತೆಯ ಶಂಕೆಗೆ ನಾನು ಕಂಡುಕೊಂಡ ಸಮಾಧಾನ ಇಷ್ಟೇ: ಒಳಗು ನೆಲೆಗೊಳ್ಳುವ ಮೊದಲು ಬಂದ ನಿಗ್ರಹವು ಬಲಾತ್ಕಾರ, ನೆಲೆಗೊಂಡ ಮೇಲೆ ಬಂದದ್ದು ರಕ್ಷೆ. ಡ್ರಮ್ಮು ಮುಚ್ಚಿದ ಮೇಲೆ ಯಾರ ಕಣ್ಣಿಗೂ ಬೀಳದ ಆ ಒಂದು ಕಾಳಿನ ತೆರಪಿಗಾಗಿ ಅಷ್ಟು ಹೊತ್ತು ಮಣ್ಣಿನಲ್ಲಿ ಕುಳಿತವನ ದುಡಿಮೆಯನ್ನು ಕಾಯಕವೆನ್ನದೆ ಇನ್ನಾವುದನ್ನು ಕಾಯಕವೆನ್ನೋಣ?

ಹೊರಡುವಾಗ ಅವನು, "ಅಲ್ಲಿ ಮುಟ್ಟಿದ ಮ್ಯಾಲೆ ಎರಡೂ ಗಾಲಿ ಮುಟ್ಟಿ ನೋಡ್ರಿ, ಒಂದ ಜಾಸ್ತಿ ಬಿಸಿ ಆಗಿದ್ರ ಹಿಡದೈತಿ ಅಂತ ತಿಳೀರಿ" ಎಂದಿದ್ದನು. ಕೂಡಲಸಂಗಮದಲ್ಲಿ, ಬಸವಣ್ಣನವರ ಐಕ್ಯಮಂಟಪದ ಮೆಟ್ಟಿಲಿಳಿಯುವ ಮುನ್ನ, ನಾನು ಬಗ್ಗಿ ಎಡಗಾಲಿಯನ್ನೂ ಬಲಗಾಲಿಯನ್ನೂ ಅಂಗೈಯಿಂದ ಮುಟ್ಟಿ ನೋಡಿದೆನು. ಎರಡೂ ಒಂದೇ ಸಮನಾಗಿ ತಣ್ಣಗಿದ್ದವು.